ನಮ್ಮತ್ತೆ ಹೊಟ್ಟೆನೋವು, ಡಾಕ್ಟ್ರಮ್ಮನ ಪುಟಾಣಿ ಮೆಷಿನ್ನು

ನಮ್ಮ ವೈಯಾಲಿಕಾವಲ್ ಬೀದೀಲಿ ಏನು ನಡೆದ್ರೂ ನಾನು ಹುಡ್ಕೊಂಡು ಹೋಗ್ಬೇಕಿಲ್ಲ, ಅದೇ ನಮ್ಮ ಗೇಟಿಗೆ ಬಂದು ನಿಂತ್ಕೊಳತ್ತೆ. ಪಕ್ಕದ್ಮನೆ ಡಾಕ್ಟ್ರಮ್ಮ ಮುಂದಿನ ರೂಮಲ್ಲಿ ಸ್ಕ್ಯಾನಿಂಗ್ ಶುರು ಮಾಡಿದ್ಮೇಲಂತೂ ಕೇಳ್ಲೇಬೇಡಿ.

ಆಗ್ಲೇ ನಮ್ಮತ್ತೆಗೆ ಹೊಟ್ಟೆನೋವು. ಊಟ ಆದ್ಮೇಲೆ ಬಲಗಡೆ ಪಕ್ಕೆ ಹಿಡ್ಕೊಂಡು ಕೂತ್ಬಿಡೋರು. ಕಾರಣ ಅವ್ರೇ ಕಂಡ್ಹಿಡಿದಿದ್ರು: ನಾನು ಮಾಡೋ ಹುಳಿ. ದೇವಸ್ಥಾನದ ಕಟ್ಟೆ ಮೇಲೆ ಕೂತು ಬೀದಿಗೆಲ್ಲ ಸಾರಿದ್ರು. ನಮ್ಮನೆಯವ್ರು ಅಡುಗೆಯವಳನ್ನ ಇಡೋಣ್ವಾ ಅಂದ್ಬಿಟ್ರು. ನನ್ನ ಅಡುಗೆಮನೆಗೆ ಇನ್ನೊಬ್ಳಾ? ಸ್ಕ್ಯಾನ್ ಮಾಡ್ಸೇ ತೀರ್ಬೇಕು ಅಂತ ಅತ್ತೇನ ಹೊರಡಿಸ್ದೆ.

ಖಾಲಿ ಹೊಟ್ಟೆ

ಏನೂ ತಿನ್ದೆ ಬನ್ನಿ ಅಂದಿದ್ರು ಡಾಕ್ಟ್ರಮ್ಮ. ಅತ್ತೆ ಬೇಕಂತ್ಲೇ ಏಕಾದಶಿ ದಿನ ನೋಡಿ ಹೊರಟ್ರು, ಹೆಂಗೂ ಉಪವಾಸ ಅಂತ. ನೋಡಿದ್ರೆ ಪಿತ್ತಕೋಶ ಹೊಟ್ಟೆತುಂಬ ಉಂಡೋರ ಥರ ಮುದುಡ್ಕೊಂಡು ಕೂತಿದೆ. ಏನು ತಿಂದ್ರಿ ಅಂತ ಕೇಳಿದ್ರೆ, ಅನ್ನ ಮುಟ್ಟಿಲ್ಲಮ್ಮ, ಬರೀ ಮೊಸರವಲಕ್ಕಿ, ಸಬ್ಬಕ್ಕಿ ಉಪ್ಪಿಟ್ಟು, ಬಾಳೆಹಣ್ಣು, ಮೇಲೊಂದು ಲೋಟ ಕಾಫಿ ಅಂದ್ರು.

ಡಾಕ್ಟ್ರಮ್ಮ, "ಅಜ್ಜಿ, ಹಬ್ಬದ ದಿನಾನೂ ನಾನು ಇಷ್ಟು ತಿನ್ನಲ್ಲ" ಅಂದು ವಾಪಸ್ ಕಳಿಸಿದ್ರು.

ಮಾವನ ಫೋಟೋ

ಮೆಷಿನ್ ಅಂದ್ರೆ ಅಂಗೈಯಷ್ಟು. ಎರಡನೇ ಸಲ ಹೋದಾಗ ಅತ್ತೆ, ಇದು ಗಡ್ಡ ಹೆರೆಯೋದಲ್ವಾ ಅಂದ್ರು. ಚಿತ್ರನೂ ಹಂಗೇ, ರಾಗಿ ಗಂಜಿ ಕದಡ್ದಂಗೆ. ಡಾಕ್ಟ್ರಮ್ಮ ಒಂದು ಬಟನ್ ಒತ್ತಿದ್ರು ನೋಡಿ, ಮಬ್ಬೆಲ್ಲ ಸರಿದು ಅಂಚು ಅಂಚೂ ಎದ್ದು ಕಾಣ್ತು. ದೊಡ್ಡ ಮೆಷಿನ್ನಿನ ಚೊಕ್ಕ ಚಿತ್ರ, ಚಿಕ್ಕದರ ಮಸುಕು ಚಿತ್ರ ಎರಡನ್ನೂ ಪಕ್ಕಪಕ್ಕ ಇಟ್ಟು ಕಂಪ್ಯೂಟರ್‌ಗೆ ತೋರ್ಸಿ ತೋರ್ಸಿ ಕಲ್ಸಿದಾರಂತೆ. ನಮ್ಮ ಮೇಷ್ಟ್ರಿಗೆ ಇಷ್ಟು ತಾಳ್ಮೆ ಇದ್ದಿದ್ರೆ ನಾನು ಆರನೇ ಕ್ಲಾಸಿಗೇ ಸ್ಕೂಲ್ ಬಿಡ್ತಿರ್ಲಿಲ್ಲ.

ಇದನ್ನ ಕೇಳಿದ್ದೇ ತಡ, ಬಾಗಿಲಲ್ಲಿ ಇಣುಕ್ತಿದ್ದ ಎದುರುಮನೆಯಾಕೆ ಓಡ್ಹೋಗಿ, ತಿಥಿಗೆ ಬೇಕು ಅಂತ ಅವ್ರ ಮಾವನ ಮಾಸಿದ ಫೋಟೋ ಹಿಡ್ಕೊಂಡು ಬಂದೇಬಿಟ್ಲು, ಚೊಕ್ಕ ಮಾಡ್ಕೊಡಿ ಅಂತ. ಇದು ಹೊಟ್ಟೆ ಒಳಗಿಂದು ಬಿಟ್ಟು ಬೇರೇನೂ ನೋಡೇ ಇಲ್ಲ, ಮುಖ ಕೊಟ್ರೆ ಅಲ್ಲೂ ಪಿತ್ತಕೋಶನೇ ಬರ್ಯತ್ತೆ ಅಂದ್ರು ಡಾಕ್ಟ್ರಮ್ಮ.

ಆಕೆ ಕೈಲಿದ್ದ ಫೋಟೋನ ಇನ್ನೊಂದ್ಸಲ ನೋಡಿ, "ಪರ್ವಾಗಿಲ್ಲ ಕೊಡಿ, ಇದಕ್ಕಿಂತ ಕಳೆಯಾಗೇ ಇರತ್ತೆ" ಅಂದ್ಲು.

ಕೊನೇ ತೀರ್ಪು

ಆಕೇನ ಸಾಗಹಾಕಿ ಡಾಕ್ಟ್ರಮ್ಮ ಅತ್ತೆ ಚಿತ್ರಕ್ಕೆ ಬಂದ್ರು. ಮಸುಕು ಚಿತ್ರನೂ ಪಕ್ಕದಲ್ಲೇ ಇಟ್ಕೊಂಡಿದ್ರು. ಯಾಕೆ ಅಂದೆ. ಕಂಪ್ಯೂಟರ್ ಜಾಣನೇ, ಆದ್ರೆ ಒಂದೊಂದ್ಸಲ ಇಲ್ಲದ್ದನ್ನೂ ಸೇರ್ಸಿ ಹೇಳತ್ತೆ ಅಂದ್ರು. ಅತ್ತೆ ನನ್ನ ಕಡೆ ತಿರುಗಿ, "ನಮ್ಮನೇಲೂ ಒಂದಿದೆ" ಅಂದ್ರು.

ನಾನು ಚಿತ್ರದ ಕಡೆ ಬಗ್ಗಿದೆ. ಎರಡೂ ಚಿತ್ರದಲ್ಲೂ ಇತ್ತು, ಪಿತ್ತಕೋಶದಲ್ಲಿ ಮೂರು ಕಲ್ಲು. ಮಸುಕಿನದ್ರಲ್ಲಿ ಹೌದೋ ಅಲ್ವೋ ಅನ್ನೋ ಹಂಗೆ, ಚೊಕ್ಕದ್ರಲ್ಲಿ ಕಡಲೆಕಾಳು ಜೋಡಿಸ್ದಂಗೆ. ಆ ಪುಟಾಣಿ ಮೆಷಿನ್ನಿಗೆ ಅಲ್ಲೇ ಕೈ ಮುಗಿಯೋಣ ಅನ್ನಿಸ್ತು. ಸರ್ಜನ್ ಹತ್ರ ಕಳಿಸ್ತೀನಿ, ಗಾಬರಿ ಬೇಡ ಅಂದ್ರು ಡಾಕ್ಟ್ರಮ್ಮ. ನಾನು ಬಿಡ್ತೀನಾ?

"ಮೇಡಂ, ಇದು ಹುಳಿಯಿಂದ ಬಂದಿದ್ದಲ್ಲ ಅಂತ ಅವ್ರಿಗೇ ಒಂದ್ಮಾತು ಹೇಳ್ಬಿಡಿ."

"ಖಂಡಿತ ಅಲ್ಲ ಅಜ್ಜಿ. ಇವು ಒಂದೆರಡು ದಿನದಲ್ಲಿ ಆಗೋದಲ್ಲ, ವರ್ಷಗಟ್ಟಲೆ ಒಳಗೇ ಬೆಳ್ದಿರತ್ತೆ."

ಗೆದ್ದೆ ಅಂತ ಸೆರಗು ಸರಿಮಾಡ್ಕೊಂಡೆ. ಅತ್ತೆ ಕನ್ನಡಕ ಏರಿಸ್ಕೊಂಡು ಚಿತ್ರಾನ ಹತ್ರದಿಂದ ನೋಡಿದ್ರು, ಆಮೇಲೆ ನನ್ನ ನೋಡಿದ್ರು.

"ವರ್ಷಗಟ್ಟಲೆ ಅಂದ್ರೆ, ಇವಳು ಮನೆ ತುಂಬ್ದಾಗಿಂದ ಅಂತ ಬರ್ಕೊಡಮ್ಮ."