ಸುಮ್ನೆ ಮನೇಲಿದ್ದಾಳೆ

ಪತ್ರಿಕೆಯಲ್ಲಿ ಹೆಸರು ಬರಬೇಕೆಂಬ ಚಪಲ ನನಗೆ ಚಿಕ್ಕಂದಿನಿಂದಲೂ ಇತ್ತು. ಮೈಸೂರಿನಲ್ಲಿ ಈಡೇರದ್ದು ಅಮೆರಿಕದ ಸಿಲಿಕಾನ್ ಕಣಿವೆಯ ಮೌಂಟನ್ ವ್ಯೂನಲ್ಲಿ ಈಡೇರಿತು. ಆಗ ಡಾಟ್ ಕಾಮ್ ಕಾಲ. ದಿನಕ್ಕೊಂದು ಕಂಪನಿ ಹುಟ್ಟುತ್ತಿತ್ತು. ನಮ್ಮಂಥವರು ಬಂದು ತುಂಬಿಕೊಂಡಿದ್ದೇವೆಂದು ಅಲ್ಲಿನ ಪತ್ರಿಕೆಗಳಿಗೆ ಇದ್ದಕ್ಕಿದ್ದಂತೆ ಹೊಳೆದಿತ್ತು. ಒಂದು ವಾರ ನಾವು ದೇಶ ಕಟ್ಟುವವರು, ಮರುವಾರ ಕೆಲಸ ಕಸಿಯುವವರು. ಫೋಟೋ ಮಾತ್ರ ಎರಡು ವಾರವೂ ಒಂದೇ: ಗ್ರೋಸರಿ ಅಂಗಡಿಯಲ್ಲಿ ಸೀರೆಯುಟ್ಟ ಹೆಂಗಸು, ಪಕ್ಕದಲ್ಲಿ ಅಕ್ಕಿ ಮೂಟೆ.

ಅಂಥದೊಂದು ಪತ್ರಿಕೆಯ ವರದಿಗಾರ್ತಿ ಒಂದು ಶನಿವಾರ ನಮ್ಮ ಅಪಾರ್ಟ್‌ಮೆಂಟಿಗೂ ಬಂದರು. ನನ್ನ ಹೆಂಡತಿ ಶಾಹೀನಾ ಮೈಸೂರಿನಲ್ಲಿ ಡಾಕ್ಟರಾಗಿದ್ದವಳು. ಇಲ್ಲಿ ಅವಳ ವೀಸಾದಲ್ಲಿ ದುಡಿಯುವಂತಿಲ್ಲವಾದ್ದರಿಂದ ಇಲ್ಲಿನ ಡಾಕ್ಟರ ಪರೀಕ್ಷೆಗೆ ಓದುತ್ತಿದ್ದಳು. ಆಗಷ್ಟೇ ನಮಾಜು ಮುಗಿಸಿ, ತಲೆಯ ಮೇಲಿನ ದುಪಟ್ಟಾ ಸರಿಸದೆ ಚಹಾ ತಂದಿಟ್ಟಳು. ಕ್ಯಾಮೆರಾ ಕ್ಲಿಕ್ಕೆಂದಿತು. ಹೆಂಡತಿ ಏನು ಮಾಡುತ್ತಾರೆ ಎಂದು ವರದಿಗಾರ್ತಿ ಕೇಳಿದಾಗ, 'ಸುಮ್ನೆ ಮನೇಲಿದ್ದಾಳೆ' ಅನ್ನುತ್ತೇವಲ್ಲ, ಅದನ್ನೇ ಇಂಗ್ಲಿಷಿಗೆ ಇಳಿಸಲು ಹೋದೆ. ಸುಮ್ಮನೆ ಅನ್ನುವುದಕ್ಕೆ ಗಡಿಬಿಡಿಯಲ್ಲಿ ನನಗೆ ಸಿಕ್ಕ ಪದ 'ಕ್ವಯಟ್'!

ಮರುವಾರ ಅರ್ಧ ಪುಟದ ಫೋಟೋ, ಮೇಲೆ ದಪ್ಪಕ್ಷರದಲ್ಲಿ 'ಕಣಿವೆಯ ಮೌನ ಪತ್ನಿಯರು'. ಶಾಹೀನಾ ಮತ್ತು ಮೌನ! ಬಸ್ಸಿಗೆ ಕಾಯುವಷ್ಟರಲ್ಲಿ ಪಕ್ಕದವರ ಮಂಡಿನೋವಿನ ಪೂರ್ತಿ ಚರಿತ್ರೆ ಹೊರಡಿಸುವವಳು ಅವಳು. ನನಗೆ ನಗು ಬಂತು. ಅವಳಿಗೆ ಬರಲಿಲ್ಲ. ಆ ವಾರವೇ ಅವಳು, ಸಂಬಳವಿಲ್ಲದಿದ್ದರೂ ಸರಿ, ಡಾಕ್ಟರುಗಳ ಜೊತೆ ನಿಂತು ಕೆಲಸ ನೋಡಲು ಬಿಡಿ ಎಂದು ಒಂದು ಆಸ್ಪತ್ರೆಗೆ ಕೇಳಿಕೊಂಡು ಹೋದಳು. ಅಲ್ಲಿಯ ಮೇಡಮ್ಮು ಪತ್ರಿಕೆ ಓದಿದ್ದರಂತೆ. ಒಂದೊಂದೇ ಪದ ಬಿಡಿಸಿ, ಗಟ್ಟಿಯಾಗಿ, "ರೋಗಿಗಳ ಹತ್ತಿರ ಮಾತಾಡಲು ನಿಮಗೆ ಧೈರ್ಯ ಬರುತ್ತದಾ?" ಎಂದು ಕೇಳಿ, ಆಮೇಲೆ ತಿಳಿಸುತ್ತೇವೆ ಅಂದರಂತೆ.

ಕೋಪ ಬಂದರೆ ಶಾಹೀನಾ ಮನೆಯ ಉರ್ದು ಬಿಟ್ಟು ಮೈಸೂರಿನ ಕನ್ನಡಕ್ಕೆ ಇಳಿಯುತ್ತಾಳೆ. "ಹೆರಿಗೆ ವಾರ್ಡು ಒಬ್ಳೇ ನೋಡ್ಕೊಂಡಿದೀನಿ ಕಣ್ರೀ. ನನ್ನ ಮೂಕಿ ಮಾಡ್ಬಿಟ್ರಲ್ಲಾ!" ಅಂದಳು. ಕಣ್ಣು ತುಂಬಿತ್ತು. ನಾನು ಆ ಗಳಿಗೆಯಲ್ಲೇ ವರದಿಗಾರ್ತಿಗೆ ಫೋನು ಮಾಡಿ ದಬಾಯಿಸಿದೆ. ಆಕೆ ಸಮಾಧಾನದಿಂದ ತಮ್ಮ ನೋಟ್‌ಬುಕ್ಕು ತೆಗೆದು ಓದಿದರು. 'ಕ್ವಯಟ್' ಅಲ್ಲೇ ಇತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ಆಕೆ ಶಾಹೀನಾಳ ಮುಖ ನೋಡಿಯೇ ನಾಲ್ಕು ಪ್ರಶ್ನೆ ಕೇಳಿದ್ದರಂತೆ. ನಾಲ್ಕಕ್ಕೂ ಉತ್ತರ ಕೊಟ್ಟ ಮಹಾಶಯ ನಾನು. ತಿದ್ದುಪಡಿ ಬೇಕಿದ್ದರೆ ಪತ್ರ ಬರೆಯಿರಿ, ಹಾಕುತ್ತೇವೆ ಅಂದರು.

ತಕ್ಷಣ ಕಂಪ್ಯೂಟರಿನ ಮುಂದೆ ಕೂತೆ. 'ನನ್ನ ಹೆಂಡತಿ ಹೇಳಬಯಸುವುದೇನೆಂದರೆ' ಎಂದು ಟೈಪು ಮಾಡುವಷ್ಟರಲ್ಲಿ ಬೆನ್ನ ಹಿಂದಿನಿಂದ, "ಏಳ್ರೀ ಮೇಲೆ" ಎಂದು ಕೇಳಿಸಿತು. ಎದ್ದೆ. ಅವಳು ಬರೆದ ಪತ್ರ ಒಂದಕ್ಷರ ಬಿಡದೆ ಅಚ್ಚಾಯಿತು. ಹದಿನೈದು ದಿನದಲ್ಲಿ ಆಸ್ಪತ್ರೆಯಿಂದ ಕರೆಯೂ ಬಂತು.

ಈ ಪ್ರಸಂಗವನ್ನು ಶಾಹೀನಾಳೇ ಹೇಳಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ಆದರೆ ನೀವು ಕೇಳಿದ್ದು ಅವಳನ್ನೋ ನನ್ನನ್ನೋ ಎಂದು ವಿಚಾರಿಸುವ ಮೊದಲೇ ನಾನು ಶುರು ಮಾಡಿಬಿಟ್ಟಿದ್ದೆ.