ಕದ ಹಾಕಿಕೊಂಡ ಕಂಪ್ಯೂಟರು

ಕಂಪ್ಯೂಟರುಗಳ ಮೇಲೆ ನನಗೆ ಮೊದಲಿನಿಂದಲೂ ಅಕ್ಕರೆ. ಅವು ಸಂಬಳ ಎಷ್ಟು, ಮದುವೆ ಯಾಕೆ ತಡ ಎಂದು ಕೇಳುವುದಿಲ್ಲ. ಯಲಬುರ್ಗಾ ಕಡೆಯ ಹಳ್ಳಿಯೊಂದರ ಹಾಲಿನ ಡೇರಿಗೆ ಕಂಪ್ಯೂಟರ್ ಹುಡುಗಿಯಾಗಿ ಕೆಲಸಕ್ಕೆ ಸೇರಿದ ಮೇಲೆ ಈ ಗುಣದ ಬೆಲೆ ಇನ್ನಷ್ಟು ತಿಳಿಯಿತು. ನನ್ನ ಬಾಡಿಗೆ ಕೋಣೆಯ ಪಕ್ಕದ ಮನೆಯ ದ್ಯಾಮವ್ವ ಇವೆರಡನ್ನೂ ಕೇಳುತ್ತಾಳೆ. ಉತ್ತರಕ್ಕೆ ಕಾಯದೆ ಒಳಗೆ ಬಂದು ನನ್ನ ಪಾತ್ರೆಗಳ ಮುಚ್ಚಳ ತೆಗೆದೂ ನೋಡುತ್ತಾಳೆ.

ಅಂಥ ನನ್ನ ನೆಚ್ಚಿನ ಕಂಪ್ಯೂಟರು, ಅಪ್‌ಡೇಟ್ ಆದ ದಿನವೇ ಸಂಜೆ, ಏಳಲೇ ಇಲ್ಲ. ಕಪ್ಪು ಪರದೆ, ಒಂದಿಷ್ಟು ಬೈಗುಳದಂಥ ಸಾಲುಗಳು, ಆಮೇಲೆ ಮೌನ. ಹಾಲಿನ ಜಿಡ್ಡು ಅಳೆಯುವ ಯಂತ್ರ ಅದಕ್ಕೇ ಜೋಡಿಸಿದ್ದು. ಅಳೆಯದ ಹಾಲನ್ನು ವ್ಯಾನು ಒಯ್ಯುವುದಿಲ್ಲ. ಆ ಬೇಸಿಗೆಗೆ ಹಾಲು ಬೆಳಗಿನವರೆಗೆ ಉಳಿಯುವುದೂ ಇಲ್ಲ. ಹೆಂಗಸರ ಸಾಲಿನ ಮುಂದೆಯೇ ತುಂಬಿದ ಕ್ಯಾನು ಹಿಡಿದ ದ್ಯಾಮವ್ವ.

"ದೃಷ್ಟಿ ಆಗೇತಿ, ಮೆಣಸಿನಕಾಯಿ ನಿವಾಳಿಸ್ರಿ," ಎಂದಳು ಒಬ್ಬಳು.

"ಒಳಗ ಹಲ್ಲಿ ಹೊಕ್ಕಿರಬೇಕ," ಎಂದಳು ಇನ್ನೊಬ್ಬಳು. ಡೇರಿಯ ಕಾರ್ಯದರ್ಶಿ ಶರಣಪ್ಪನವರು ಕಂಪ್ಯೂಟರಿನ ನೆತ್ತಿಗೆ ಎರಡು ಬಾರಿಸಿ, ವಿಜ್ಞಾನದ ಪರವಾಗಿ ತಮ್ಮ ಪ್ರಯತ್ನ ಮುಗಿಸಿದರು.

ಹೊರಗೆ ವ್ಯಾನಿನವನು ಹಾರ್ನ್ ಹೊಡೆಯುತ್ತಿದ್ದ. ಅಳೆಯುವ ಯಂತ್ರಕ್ಕೆಂದು ಕಂಪ್ಯೂಟರಿನೊಳಗೆ ಸಿಕ್ಕಿಸಿದ್ದ ಕಾರ್ಡು ಕಿತ್ತು ನೋಡಿದೆ, ಕಂಪ್ಯೂಟರು ಎದ್ದಿತು. ಸಿಕ್ಕಿಸಿದೆ; ಮಲಗಿತು. ಆಗ ಆ ಬೈಗುಳವನ್ನು ಸಮಾಧಾನವಾಗಿ ಓದಿದೆ. ಕರ್ನಲ್ ಎಂದರೆ ಒಳಗಿನದನ್ನೆಲ್ಲ ನಡೆಸುವ ಮೂಲ ತಂತ್ರಾಂಶ, ಕಂಪ್ಯೂಟರಿನ ಮನೆಯೊಡತಿ. ತನ್ನ ಮೆಮೊರಿಯ ಕೆಲವು ಜಾಗಗಳನ್ನು ನೋಡಬಹುದು, ಮುಟ್ಟಬಾರದು ಎಂಬುದು ಅವಳ ಕಟ್ಟಳೆ. ಹಳೆಯ ಕರ್ನಲ್ ಅದನ್ನು ಜಾರಿಗೆ ತಂದಿರಲಿಲ್ಲ. ಅಪ್‌ಡೇಟಿನಲ್ಲಿ ಬಂದ ಹೊಸದು ಯಾರನ್ನೂ ಕೇಳದೆಯೇ ಕಾವಲು ಹಾಕಿಕೊಂಡು ಬಂದಿತ್ತು. ನಮ್ಮ ಯಂತ್ರವನ್ನು ಕಂಪ್ಯೂಟರಿನೊಂದಿಗೆ ಮಾತಾಡಿಸುವ ಡ್ರೈವರ್ ತಂತ್ರಾಂಶವೋ, ಎಂದಿನ ಸಲುಗೆಯಲ್ಲಿ ಅಲ್ಲಿಗೇ ಕೈ ಹಾಕಿತ್ತು. ಮನೆಯೊಡತಿ ಚೀರಿ, ಇಡೀ ಮನೆಗೇ ಕದ ಹಾಕಿಕೊಂಡಿದ್ದಳು. ನಾನು ಮನಸ್ಸಿನಲ್ಲೇ ಅವಳಿಗೆ ಕೈಮುಗಿದೆ.

"ಏನಾಗೇತಿ ಅದಕ್ಕ?" ದ್ಯಾಮವ್ವ ಕೇಳಿದಳು.

"ಕೇಳದ ಒಳಗ ಕೈ ಹಾಕ್ಯಾರ. ಸಿಟ್ಟಾಗೇತಿ."

"ಹಂಗಾರ ಅದು ನಿನ್ನ ತಂಗೀನ ಆಗಬೇಕ ಬಿಡು!"

ಸಾಲೆಲ್ಲ ನಕ್ಕಿತು. ಡ್ರೈವರ್ ತಂತ್ರಾಂಶ ತಿದ್ದುವವರೆಗೆ ಮಾತ್ರ ಎಂದು ಕರ್ನಲಿಗೆ ಒಳಗೊಳಗೇ ಮಾತು ಕೊಟ್ಟು, ಕಂಪ್ಯೂಟರು ಶುರುವಾಗುವ ಹೊತ್ತಿಗೇ ಕಾವಲು ಬೇಡವೆಂಬ ಒಂದೇ ಒಂದು ಪದ ಕೀಲಿಮಣೆಯಲ್ಲಿ ಒತ್ತಿದೆ. ಕಂಪ್ಯೂಟರು ಎದ್ದಿತು. ಹಾಲೆಲ್ಲ ಅಳತೆಯಾಗಿ ವ್ಯಾನು ಹತ್ತಿತು.

ಖಾಲಿ ಕ್ಯಾನು ಹಿಡಿದ ದ್ಯಾಮವ್ವ ಮಾತ್ರ ಹೊರಡಲಿಲ್ಲ. "ಅದಕ್ಕೊಂದು ಶಬ್ದ ಒತ್ತಿದಿ, ಬಾಗಲಾ ತೆಗೀತು. ನಿನಗ ಏನ ಒತ್ತಬೇಕವಾ?"

ಎಲ್ಲರೂ ಉತ್ತರಕ್ಕೆ ಕಾದರು. "ಬಾಗಲಾ ಬಡದ ಬರ್ರಿ, ಸಾಕು," ಎಂದೆ, ಬಲು ಗತ್ತಿನಿಂದ.

ಮರುದಿನ ಬೆಳಗಿನ ಕೆಲಸ ಮುಗಿಸಿ, ಕೋಣೆಗೆ ಬಂದು ಚಿಲಕ ಹಾಕಿದ್ದೇ ತಡ, ಬಾಗಿಲು ಬಡಿದ ಸದ್ದು. ಗಿಣ್ಣದ ಬಟ್ಟಲು ಹಿಡಿದ ದ್ಯಾಮವ್ವ, ಅವಳ ಹಿಂದೆ ಆ ಇಡೀ ಸಾಲು. ಒಬ್ಬೊಬ್ಬರೇ, ಸರದಿ ತಪ್ಪದಂತೆ, ತೆರೆದ ಬಾಗಿಲನ್ನೇ ಬಡಿದು ಬಡಿದು ಒಳಗೆ ಬಂದರು. ಕಟ್ಟಳೆ ನನ್ನದೇ. ಎಲ್ಲಾದರೂ ತಪ್ಪು ಸಿಕ್ಕೀತೇ ಎಂದು ಹುಡುಕಿದೆ, ಸಿಗಲಿಲ್ಲ. ಚಹಾಕ್ಕೆ ನೀರಿಟ್ಟೆ.