ನಮ್ಮ ವಿಶ್ವವಿದ್ಯಾಲಯಕ್ಕೆ ಮತ್ತೆ ಎರಡನೇ ಸ್ಥಾನ

ಎರಡನೇ ಸ್ಥಾನ ಒಂದು ಸಲ ಬಂದರೆ ಸಾಧನೆ, ಇನ್ನೊಂದು ಸಲ ಬಂದರೆ ದುರದೃಷ್ಟ. ಬರುತ್ತಲೇ ಇದ್ದರೆ ಅದನ್ನು ನೋಡಿಕೊಳ್ಳಲು ಒಬ್ಬರನ್ನು ನೇಮಿಸಬೇಕಾಗುತ್ತದೆ. ನನ್ನನ್ನು ನೇಮಿಸಿದ್ದಾರೆ.

ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್. ಮಾಡಿದವಳು. ಅಮೆರಿಕದ ಪಶ್ಚಿಮ ತೀರದಲ್ಲಿ, ಬೇ ಏರಿಯಾದ ಒಂದು ಹಳೆಯ ವಿಶ್ವವಿದ್ಯಾಲಯದ ಕ್ರೀಡಾ ಭವನದಲ್ಲಿ ಕೆಲಸ. ಅಲ್ಲಿರುವ ಲೋಹದ ಸಾಮಾನು ಕೆಡದಂತೆ ಕಾಯಬೇಕು, ಬಂದವರಿಗೆ ಇತಿಹಾಸ ಹೇಳಬೇಕು. ಇತಿಹಾಸ ಚಿಕ್ಕದು. ಇಲ್ಲಿ ಫುಟ್‌ಬಾಲು ಎಂದರೆ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆಟ. ದೇಶದ ಕಾಲೇಜು ಆಟಗಾರರಲ್ಲೆಲ್ಲ ಅತ್ಯುತ್ತಮನನ್ನು ಪ್ರತಿ ವರ್ಷ ಪತ್ರಕರ್ತರು ಮತ ಹಾಕಿ ಆರಿಸುತ್ತಾರೆ. ಗೆದ್ದವನಿಗೊಂದು ಕಂಚಿನ ಪ್ರತಿಮೆ, ಅವನ ವಿಶ್ವವಿದ್ಯಾಲಯಕ್ಕೊಂದು. ನಮಗೆ ಅದು ಒಮ್ಮೆ ಬಂದಿದೆ, ನನ್ನ ಅಮ್ಮ ಹುಟ್ಟುವ ಮೊದಲು. ಆಮೇಲೆ ಬಂದದ್ದೆಲ್ಲ ಎರಡನೇ ಸ್ಥಾನ. ಎರಡನೆಯವರಿಗೆ ಪ್ರತಿಮೆ ಕೊಡುವುದಿಲ್ಲ. ಹಾಗಾಗಿ ನಮ್ಮಲ್ಲಿರುವುದು ಒಂದು ಪ್ರತಿಮೆ, ಒಂದು ಗೋಡೆ ತುಂಬ ಫೋಟೋ.

ಸಂದರ್ಶನ

ಕೆಲಸಕ್ಕೆ ಸಂದರ್ಶನ ಮಾಡಿದವರು ಭವನದ ನಿರ್ದೇಶಕಿ. ನನ್ನ ಪ್ರಬಂಧದ ಬಗ್ಗೆ ಏನೂ ಕೇಳಲಿಲ್ಲ.

"ಫುಟ್‌ಬಾಲು ಗೊತ್ತೇ?"

"ಇಲ್ಲ."

"ಒಳ್ಳೆಯದು. ಗೊತ್ತಿದ್ದವರು ಇಲ್ಲಿ ಉಳಿಯುವುದಿಲ್ಲ. ಅಳುತ್ತಾ ಬಿಟ್ಟು ಹೋಗುತ್ತಾರೆ."

ಆಮೇಲೆ ಷರತ್ತು ಹೇಳಿದರು. ಭವನ ಮುಚ್ಚಿ ಆ ಜಾಗದಲ್ಲಿ ವಿದ್ಯಾರ್ಥಿಗಳಿಗೆ ಸ್ಮೂದಿ, ಅಂದರೆ ಹಣ್ಣು ಅರೆದು ಮಾಡುವ ಪಾನೀಯದ, ಅಂಗಡಿ ಮಾಡಬೇಕೆಂದು ಕುಲಪತಿಗಳ ಯೋಚನೆ. ಆದರೆ ಈ ವರ್ಷ ನಮ್ಮಲ್ಲಿ ಒಬ್ಬ ಅಸಾಧ್ಯ ಆಟಗಾರ ಇದ್ದಾನೆ. ಅವನು ಗೆದ್ದರೆ ಭವನ ಉಳಿಯುತ್ತದೆ, ನನ್ನ ಕೆಲಸ ಖಾಯಂ.

ಕೆಲಸ ಹೋದರೆ ನನ್ನ ವೀಸಾವೂ ಹೋಗುತ್ತದೆ. ಆದ್ದರಿಂದ ಸ್ಪಷ್ಟವಾಗಿ ಕೇಳಿದೆ, "ಗೆಲ್ಲದಿದ್ದರೆ?"

ನಿರ್ದೇಶಕಿ ಗೋಡೆಯ ಫೋಟೋಗಳನ್ನು ಒಂದು ಸುತ್ತು ನೋಡಿದರು. "ನಿನಗೆ ಸ್ಮೂದಿ ಮಾಡಲು ಬರುತ್ತದೆಯೇ?"

ಮರುಮೌಲ್ಯಮಾಪನ

ನಾನಿರುವುದು ಯೂನಿಯನ್ ಸಿಟಿಯಲ್ಲಿ, ಸೋದರಮಾವನ ಮನೆಯಲ್ಲಿ. ನನ್ನ ಕೆಲಸ ಏನೆಂದು ಹೇಳಲು ಮಾವನಿಗೆ ಸಂಕೋಚ. ಯಾರಾದರೂ ಕೇಳಿದರೆ "ಯೂನಿವರ್ಸಿಟಿಯೊಳಗ ಇದ್ದಾಳ" ಎಂದು ನಿಲ್ಲಿಸುತ್ತಾರೆ. ಕೇಳಿದವರು ಪ್ರೊಫೆಸರ್ ಎಂದುಕೊಳ್ಳುತ್ತಾರೆ. ಆಮೇಲೆ ಮಕ್ಕಳನ್ನು ಕರೆದುಕೊಂಡು ಸೀಟಿನ ವಿಷಯ ಕೇಳಲು ನೇರ ಭವನಕ್ಕೆ ಬರುತ್ತಾರೆ.

ಹಾಗೆ ಒಬ್ಬರು ಕ್ಯಾಂಪ್‌ಬೆಲ್‌ನಿಂದ ಮಗಳೊಂದಿಗೆ ಬಂದರು. ಮೂಲ ಮೈಸೂರಿನವರು, ಎಂಜಿನಿಯರು. ಸೀಟಿನ ವಿಷಯ ನನಗೆ ಗೊತ್ತಿಲ್ಲ ಎಂದ ಮೇಲೆ, ಬಂದದ್ದಕ್ಕೆ ನೋಡಿಬಿಡೋಣ ಎಂದು ಗೋಡೆಯ ಮುಂದೆ ನಿಂತರು.

"ಇವರೆಲ್ಲಾ ಯಾರಮ್ಮ?"

"ದೇಶಕ್ಕೆ ಎರಡನೇ ಸ್ಥಾನ ಬಂದವರು."

"ಎಲ್ಲರೂ ಸೆಕೆಂಡ್ ರ‍್ಯಾಂಕಾ?" ಒಂದೊಂದೇ ಫೋಟೋ ನೋಡಿದರು. ಮುಖ ಗಂಭೀರವಾಯಿತು. "ಎಷ್ಟು ಮಾರ್ಕಲ್ಲಿ ಹೋಯ್ತು?"

"ಮಾರ್ಕು ಅಲ್ಲ ಸಾರ್, ಮತ. ಕೆಲವು ಸಲ ಸ್ವಲ್ಪದರಲ್ಲೇ ಹೋಗಿದೆ."

"ಮತ್ತೆ ರೀವ್ಯಾಲ್ಯುಯೇಶನ್‌ಗೆ ಯಾಕೆ ಹಾಕ್ಲಿಲ್ಲ?"

"ಅಪ್ಪಾ, ಪ್ಲೀಸ್," ಎಂದಳು ಮಗಳು.

"ನೀನು ಸುಮ್ನಿರಮ್ಮ. ಇವಳ ಅತ್ತೆ ಮಗನಿಗೆ ಪಿಯುಸಿ ಫಿಸಿಕ್ಸಲ್ಲಿ ರೀವ್ಯಾಲ್ಯುಯೇಶನ್ ಹಾಕಿದ್ದಕ್ಕೇ ಮೆಡಿಕಲ್ ಸಿಕ್ಕಿದ್ದು. ಇಷ್ಟು ದೊಡ್ಡ ಯೂನಿವರ್ಸಿಟಿ, ಇಷ್ಟು ಸಲ ಹೋಗಿದೆ, ಒಬ್ಬರೂ ಒಂದು ಅಪ್ಲಿಕೇಶನ್ ಹಾಕಿಲ್ಲ ಅಂದ್ರೆ?" ತಲೆ ಅಲ್ಲಾಡಿಸಿಕೊಂಡು ಹೊರಟುಹೋದರು. ಮಗಳನ್ನು ಇಲ್ಲಿಗೆ ಸೇರಿಸುವ ಯೋಚನೆ ಅಲ್ಲೇ ಬಿಟ್ಟಂತೆ ಕಂಡಿತು.

ಅವರು ಯಾಕೆ ಬೇಸರಪಟ್ಟರು ಎಂದು ನಿರ್ದೇಶಕಿ ಕೇಳಿದರು. ನಾನು ಮರುಮೌಲ್ಯಮಾಪನ ಎಂದರೇನು ಎಂದು ವಿವರಿಸಿದೆ: ಫಲಿತಾಂಶ ಒಪ್ಪಿಗೆಯಾಗದಿದ್ದರೆ ಉತ್ತರಪತ್ರಿಕೆಯನ್ನು ಇನ್ನೊಬ್ಬರು ತಿದ್ದುತ್ತಾರೆ, ಬಹಳಷ್ಟು ಸಲ ಅಂಕ ಏರುತ್ತದೆ.

ನಗುತ್ತಾರೆ ಎಂದುಕೊಂಡಿದ್ದೆ. ಅವರು ಕುರ್ಚಿ ಎಳೆದುಕೊಂಡು ಕೂತರು. ದನಿ ತಗ್ಗಿಸಿ ಕೇಳಿದರು, "ಎಷ್ಟು ವರ್ಷ ಹಿಂದಿನದಕ್ಕೆ ಹಾಕಬಹುದು?"

ನಿದ್ದೆ

ಭವನಕ್ಕೆ ಒಬ್ಬ ಹಿರಿಯರು ವಾರಕ್ಕೊಮ್ಮೆ ಬರುತ್ತಿದ್ದರು. ಗಿಲ್‌ರಾಯ್‌ನಲ್ಲಿ ಮಗಳ ಜೊತೆ ವಾಸ. ನಮಗೆ ಆ ಒಂದೇ ಪ್ರತಿಮೆ ಬಂದ ವರ್ಷ ಅವರು ಇಲ್ಲಿ ವಿದ್ಯಾರ್ಥಿಯಾಗಿದ್ದರಂತೆ. ಅಂದಿನಿಂದ ಇನ್ನೊಂದಕ್ಕೆ ಕಾಯುತ್ತಿದ್ದಾರೆ. ನಾನು ಹೇಳಬೇಕಾದ ಇತಿಹಾಸವನ್ನು ಬಂದವರಿಗೆ ಅವರೇ ಹೇಳುತ್ತಿದ್ದರು. ನನಗೂ ಅದೇ ಅನುಕೂಲ.

ಅವರ ಸಿದ್ಧಾಂತ ಒಂದೇ. ನಮ್ಮ ಆಟ ಸಂಜೆ ಶುರುವಾಗುವ ಹೊತ್ತಿಗೆ, ಗಡಿಯಾರ ಮೂರು ಗಂಟೆ ಮುಂದಿರುವ ಪೂರ್ವ ತೀರದಲ್ಲಿ ರಾತ್ರಿಯಾಗಿರುತ್ತದೆ. ಮತ ಹಾಕುವ ಪತ್ರಕರ್ತರು ಹೆಚ್ಚಿನವರು ಆ ಕಡೆಯವರು. ಅವರು ಮಲಗಿರುತ್ತಾರೆ.

ಒಂದು ದಿನ ಒಬ್ಬ ಪ್ರವಾಸಿ ಬಿಡದೆ ಪ್ರಶ್ನೆ ಕೇಳಿದ. ಒಂದು ಫೋಟೋ ತೋರಿಸಿ, "ಇವನು ಯಾಕೆ ಗೆಲ್ಲಲಿಲ್ಲ?"

"ಅವರು ಮಲಗಿದ್ದರು."

"ಇವನು?"

"ಮಲಗಿದ್ದರು."

ಪ್ರವಾಸಿ ಮೂರನೆಯದನ್ನು ತೋರಿಸಿದ. "ಇವನ ದೊಡ್ಡ ಆಟಗಳೆಲ್ಲ ಹಾಡುಹಗಲು, ಪೂರ್ವ ತೀರದಲ್ಲೇ ಎಂದು ಇಲ್ಲೇ ಬರೆದಿದೆಯಲ್ಲ?"

ಹಿರಿಯರು ಆ ಫೋಟೋ ಹತ್ತಿರ ಹೋಗಿ ನಿಂತರು.

"ಆ ವರ್ಷ ಅವರು ಎದ್ದಿದ್ದರು," ಎಂದರು. "ನಾವು ಮಲಗಿದ್ದೆವು."

ಕೇಕು

ಡಿಸೆಂಬರಿನಲ್ಲಿ ಫಲಿತಾಂಶ. ನಮ್ಮ ಆಟಗಾರ ಕೊನೆಯ ಸುತ್ತಿಗೆ ಬಂದಿದ್ದ. ಸಮಾರಂಭಕ್ಕೆ ಪೂರ್ವ ತೀರಕ್ಕೆ ಹೋಗಿದ್ದ. ಭವನದಲ್ಲಿ ಎಲ್ಲರೂ ಕೂತು ಟಿ.ವಿ. ನೋಡುವುದು, ಕೇಕು ಕತ್ತರಿಸುವುದು ಎಂದಾಗಿತ್ತು. ಬೇಕರಿಗೆ ಫೋನು ಮಾಡುವ ಕೆಲಸ ನನ್ನದು.

"ಕೇಕಿನ ಮೇಲೆ ಏನು ಬರೆಯಲಿ?" ಎಂದು ನಿರ್ದೇಶಕಿಯನ್ನು ಕೇಳಿದೆ.

"ಅಭಿನಂದನೆಗಳು."

"ಯಾವುದಕ್ಕೆ ಎಂದು?"

"ಯಾವುದಕ್ಕೆ ಎಂದು ಬರೆಯಿಸಬೇಡ. ಮೊದಲೊಂದು ಸಲ ಬರೆಯಿಸಿದ್ದೆವು. ಆಮೇಲೆ ಚಾಕುವಿನಿಂದ ಕೆರೆಯಬೇಕಾಯಿತು."

ಬೇಕರಿಯವಳಿಗೆ ವಿಶ್ವವಿದ್ಯಾಲಯದ ಹೆಸರು ಹೇಳಿದೆ. "ಓ, ನೀವೇ?" ಎಂದಳು. "ಯಾವಾಗಲೂ ಮಾಡುವಂಥದೇ ತಾನೇ?" ದನಿಯಲ್ಲಿ ಅನುಕಂಪವಿತ್ತು.

ಹಿರಿಯರು ಬಂದಿರಲಿಲ್ಲ. ಹಿಂದಿನ ತಿಂಗಳು ಒಂದು ಆಟ ನೋಡುವಾಗ ಎದೆನೋವು ಬಂದು ಆಸ್ಪತ್ರೆ ಸೇರಿದ್ದರು. ಇನ್ನು ಮೇಲೆ ಆಟ ನೋಡಕೂಡದು, ಫಲಿತಾಂಶವನ್ನೂ ಕೇಳಕೂಡದು, ಆಘಾತ ಆಗುವ ಸುದ್ದಿಯೇ ಬೇಡ ಎಂದು ಡಾಕ್ಟರು ಹೇಳಿದ್ದರು. ಮಗಳು ಮನೆಯಲ್ಲಿ ಟಿ.ವಿ. ತೆಗೆಸಿದ್ದಳು. ಅವರ ಫೋನಿನಿಂದ ಕರೆ ಮಾಡುವುದು ಬಿಟ್ಟು ಮಿಕ್ಕದ್ದೆಲ್ಲ ಅಳಿಸಿದ್ದಳು.

ಟಿ.ವಿ.ಯಲ್ಲಿ ಹೆಸರು ಓದಿದರು. ನಮ್ಮವನದಲ್ಲ. ಅವನಿಗೆ ಎರಡನೇ ಸ್ಥಾನ.

ಕೇಕು ಕತ್ತರಿಸಿ ತಿಂದೆವು. ಚೆನ್ನಾಗಿತ್ತು. ಅಷ್ಟು ಸಲ ಮಾಡಿ ಬೇಕರಿಯವರಿಗೆ ಕೈ ಕುದುರಿದೆ.

ಸೋಮವಾರ ಆಟಗಾರನೇ ಭವನಕ್ಕೆ ಬಂದ. ಬಾಗಿಲಿನಷ್ಟು ದೊಡ್ಡ ಆಳು, ಮೆಲು ಮಾತು. ತನ್ನ ಫೋಟೋವನ್ನು ತಾನೇ ಕಟ್ಟು ಹಾಕಿಸಿ ತಂದಿದ್ದ. ನನಗೆ ಏಣಿ ಹತ್ತುವ ಕೆಲಸ ಕೊಡದೆ ಗೋಡೆಯ ಮೇಲಿನ ಸಾಲಿನಲ್ಲಿ ತಾನೇ ತೂಗುಹಾಕಿದ. ದೂರ ನಿಂತು ನೋಡಿ ಸ್ವಲ್ಪ ಎಡಕ್ಕೆ ಸರಿಸಿದ.

"ನೇರವಾಗಿಯೇ ಇತ್ತಲ್ಲ?" ಎಂದೆ.

"ನೇರ ಇತ್ತು. ಪಕ್ಕದಲ್ಲಿ ಜಾಗ ಬಿಡುತ್ತಿದ್ದೇನೆ," ಎಂದ. "ಮುಂದಿನ ವರ್ಷ ನನ್ನ ತಮ್ಮ ಇಲ್ಲಿಗೇ ಸೇರುತ್ತಿದ್ದಾನೆ."

ಹುಣಸೆಹಣ್ಣು

ಸಂಕ್ರಾಂತಿ ಮುಗಿದ ವಾರ ಅತ್ತೆ, ಅಂದರೆ ಮಾವನ ಹೆಂಡತಿ, ಭವನ ನೋಡಲು ಬಂದರು. ಧಾರವಾಡದವರು. ಇಲ್ಲಿ ಬಂದು ಎಷ್ಟೋ ವರ್ಷವಾದರೂ ಮಾತು ಮಾತ್ರ ಧಾರವಾಡ ಬಿಟ್ಟು ಬಂದಿಲ್ಲ.

"ಮುಚ್ಚೂಕಿಂತ ಮೊದಲ ಒಮ್ಮೆ ನೋಡಬೇಕಲ್ಲ, ನೀ ಏನ ಕೆಲಸಾ ಮಾಡತಿದ್ದಿ ಅಂತ," ಎಂದರು. ಬರುವಾಗ ದಾರಿಯಲ್ಲಿ ಗ್ರೋಸರಿ ಮುಗಿಸಿಕೊಂಡು ಚೀಲ ಸಮೇತ ಬಂದಿದ್ದರು.

ನಾನು ಆಗ ಪ್ರತಿಮೆಯ ಗಾಜಿನ ಪೆಟ್ಟಿಗೆ ತೆರೆದು ಒಳಗಿನ ತೇವ ಪರೀಕ್ಷಿಸುತ್ತಿದ್ದೆ. ಅಷ್ಟರಲ್ಲಿ ನಿರ್ದೇಶಕಿ ಕರೆದರು. "ಇಲ್ಲೇ ಕೂಡ್ರಿ ಅತ್ತಿ, ಬಂದೆ," ಎಂದು ಹೋದೆ.

ನಿರ್ದೇಶಕಿಯ ಕೋಣೆಯಲ್ಲಿ ಮಾತು ಬೇಗ ಮುಗಿಯಲಿಲ್ಲ. ತಿಂಗಳ ಕೊನೆಗೆ ಭವನ ಬಂದ್. ಸ್ಮೂದಿಯವರು ಬಂದು ಅಳತೆ ತೆಗೆದುಕೊಂಡು ಹೋಗಿದ್ದಾರೆ. ಪ್ರತಿಮೆಯನ್ನು ಡಬ್ಬಿಯಲ್ಲಿ ಹಾಕಿ ಗೋದಾಮಿಗೆ ಕಳಿಸುವುದು ನನ್ನ ಕೊನೆಯ ಕೆಲಸ. "ನಿನಗೆ ಏನು ಹೇಳಲಿ ಗೊತ್ತಾಗುತ್ತಿಲ್ಲ," ಎಂದರು. ಇಬ್ಬರೂ ಜೊತೆಯಲ್ಲೇ ಹೊರಗೆ ಬಂದೆವು.

ಇಲ್ಲಿ ಒಂದು ಮಾತು ಹೇಳಬೇಕು. ಹಳೆಯ ಕಂಚು ಕಪ್ಪಾಗಿರುತ್ತದೆ. ಅದು ಕೊಳೆಯಲ್ಲ. ಲೋಹ ಗಾಳಿಯೊಂದಿಗೆ ನಿಧಾನವಾಗಿ ಸೇರಿ ಆದ ತೆಳು ಪದರ. ಒಳಗಿನ ಕಂಚನ್ನು ಅದು ಕಾಯುತ್ತದೆ, ಪ್ರತಿಮೆಯ ವಯಸ್ಸನ್ನು ಹೇಳುತ್ತದೆ. ಆ ಪದರವನ್ನು ಕಾಪಾಡಲೆಂದೇ ನನ್ನನ್ನು ಇಟ್ಟುಕೊಂಡದ್ದು. ಅದಕ್ಕೆ ಹುಳಿ ತಾಗಿಸಬಾರದು.

ಅತ್ತೆ ಊಟದ ಡಬ್ಬಿಯ ಮುಚ್ಚಳದಲ್ಲಿ ಹುಣಸೆಹಣ್ಣು ನೆನೆಸಿದ್ದರು. ಪಕ್ಕದಲ್ಲಿ ಉಪ್ಪಿನ ಪೊಟ್ಟಣ. ಪ್ರತಿಮೆ ಬಂಗಾರದ ಹಾಗೆ ಹೊಳೆಯುತ್ತಿತ್ತು. ಚೆಂಡು ಹಿಡಿದ ತೋಳಿನ ಸಂದಿಯಲ್ಲಿ ಮಾತ್ರ ಸ್ವಲ್ಪ ಕಪ್ಪು ಉಳಿದಿತ್ತು. ಅದಕ್ಕೆ ಬೆರಳು ತೂರಿಸಿ ತಿಕ್ಕುತ್ತಿದ್ದರು.

"ಅತ್ತಿ, ಏನ ಮಾಡೀರಿ?"

"ಏನ ಮಾಡೀನಂದ್ರ? ಕಂಚಿನ ಸಾಮಾನ ಹಿಂಗ ಕರ್ರಗ ಇಟ್ಟೀರಲ್ಲ, ನಾಚಿಕಿ ಬರಬೇಕು. ಮಂದಿ ಸಾಮಾನ ತಿರುಗಿ ಕೊಡುಮುಂದ ತಿಕ್ಕಿ ಕೊಡಬೇಕವಾ. ನೀ ಹೋದ ಮ್ಯಾಲೆ ನಿನ್ನ ಬಗ್ಗೆ ಯಾರೂ ಒಂದ ಮಾತ ಅನ್ನಬಾರದು."

"ಅವರು ಏನು ಹೇಳುತ್ತಿದ್ದಾರೆ?" ನಿರ್ದೇಶಕಿ ಕೇಳಿದರು.

"ವಾಪಸ್ ಕೊಡುವ ಮೊದಲು ತೊಳೆದು ಕೊಡುತ್ತಿದ್ದಾರೆ," ಎಂದೆ.

ನಿರ್ದೇಶಕಿ ಹತ್ತಿರದ ಬೆಂಚಿನ ಮೇಲೆ ಕುಳಿತುಬಿಟ್ಟರು. ಆಗ ಬಾಗಿಲಲ್ಲಿ ಹಿರಿಯರು ಕಾಣಿಸಿದರು. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ. ಹಿಂದೆ ಮಗಳು. ಅವರು ಹೊಸಿಲಲ್ಲೇ ನಿಂತು ಹೊಳೆಯುವ ಪ್ರತಿಮೆಯನ್ನು ನೋಡಿದರು.

"ಬಂತೇ?" ಎಂದರು.

ನಿರ್ದೇಶಕಿ ಬಾಯಿ ತೆರೆದರು. ಹಿಂದಿನಿಂದ ಮಗಳು ಎದೆ ಮುಟ್ಟಿ ತೋರಿಸಿ, ಬೇಡ ಎಂದು ಕೈ ಆಡಿಸಿದಳು.

"ಬಂತು," ಎಂದರು ನಿರ್ದೇಶಕಿ. ಯಾವಾಗ ಎಂದು ಹೇಳಲಿಲ್ಲ.

ನಾನು ಹೋಗಿ ಗೋಡೆಯಲ್ಲಿ ಈ ವರ್ಷದ ಫೋಟೋ ಕಾಣದಂತೆ ಅಡ್ಡ ನಿಂತೆ. ಫೋಟೋ ಮೇಲಿತ್ತು, ನಾನು ಗಿಡ್ಡ. ಪುಣ್ಯಕ್ಕೆ ಹಿರಿಯರು ಕನ್ನಡಕ ತೆಗೆದು ಅಳುತ್ತಿದ್ದರು. ಹತ್ತಿರ ಇದ್ದವರು ಅತ್ತೆ. ಅವರ ಹುಣಸೆಯ ಕೈಯನ್ನೇ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಅಳಬ್ಯಾಡ್ರಿ," ಎಂದು ಅತ್ತೆ ನೀರಿನ ಬಾಟಲಿ ಕೊಟ್ಟರು. ನನ್ನ ಕಡೆ ತಿರುಗಿದರು. "ನೋಡಿದೇನ? ಎಷ್ಟ ಸಂತೋಷ ಆಗೇದ ಅವರಿಗೆ. ಇಷ್ಟ ವರ್ಷ ಒಬ್ಬರರ ತಿಕ್ಕಿದ್ದಿಲ್ಲಾ, ಪಾಪ."

ಹಿರಿಯರು ಸುಧಾರಿಸಿಕೊಂಡು, ಅಲ್ಲಿಂದಲೇ ಕುಲಪತಿಗಳಿಗೆ ಫೋನು ಮಾಡಿ ಅಭಿನಂದಿಸಿದರು. ಕುಲಪತಿಗಳು ಅವರ ಹಳೆಯ ಪರಿಚಯ, ಆ ಹೃದಯದ ವಿಷಯ ಅವರಿಗೂ ಗೊತ್ತು. ಆ ಕಡೆ ಅವರು ಎರಡು ಸಲ ಕೆಮ್ಮಿದರು. ಆಮೇಲೆ "ಧನ್ಯವಾದಗಳು" ಎಂಬುದು ನಮಗೂ ಕೇಳಿಸಿತು. "ಇನ್ನು ಮೇಲೆ ಪ್ರತಿ ವಾರ ಬಂದು ನೋಡುತ್ತೇನೆ," ಎಂದು ಹಿರಿಯರು ಹೇಳಿದರು. "ಖಂಡಿತ ಬನ್ನಿ" ಎಂದಲ್ಲದೆ ಕುಲಪತಿಗಳು ಇನ್ನೇನು ಹೇಳಿಯಾರು?

ಹೊರಡುವಾಗ ಹಿರಿಯರು ಬಾಗಿಲಲ್ಲಿ ನಿಂತು ತಿರುಗಿದರು.

"ಅಂದ ಹಾಗೆ, ಹಳೆಯದು ಎಲ್ಲಿ?"

ನಿರ್ದೇಶಕಿ ನನ್ನ ಕಡೆ ಬೆರಳು ತೋರಿಸಿದರು. "ಇವಳು ಸ್ವಚ್ಛ ಮಾಡಿಸುತ್ತಿದ್ದಾಳೆ."

ಅವರು ಹೋದ ಸ್ವಲ್ಪ ಹೊತ್ತಿಗೆ ಕುಲಪತಿಗಳ ಕಚೇರಿಯಿಂದ ಫೋನು ಬಂತು. ಸ್ಮೂದಿಗೆ ಬೇರೆ ಜಾಗ ನೋಡುತ್ತಾರಂತೆ. ಆ ಹಿರಿಯರು ಬರುತ್ತಿರುವಷ್ಟು ಕಾಲ ಭವನ ತೆರೆದಿರಬೇಕಂತೆ.

ಅತ್ತೆ ಡಬ್ಬಿಯ ಮುಚ್ಚಳ ತೊಳೆಯಲು ಹೋದರು. ನಾನು ನಿರ್ದೇಶಕಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಇದನ್ನು ಸರಿಪಡಿಸಬಹುದು. ರಾಸಾಯನಿಕ ಹಚ್ಚಿ ಬಿಸಿ ಮಾಡಿದರೆ ಒಂದು ಮಧ್ಯಾಹ್ನದಲ್ಲಿ ಮೊದಲಿನಂತೆ ಕಪ್ಪಾಗುತ್ತದೆ."

ನಿರ್ದೇಶಕಿ ಪ್ರತಿಮೆಯನ್ನು ನೋಡಿದರು.

"ಏನೂ ಹಚ್ಚದೆ, ಸುಮ್ಮನೆ ಗಾಳಿಗೆ ಬಿಟ್ಟರೆ?"

"ಅದಕ್ಕೆ ನಾಲ್ಕೈದು ದಶಕವಾದರೂ ಬೇಕು."

"ಹಾಗೇ ಮಾಡು," ಎಂದರು. "ನೀನೇ ಹತ್ತಿರ ನಿಂತು ಮಾಡಿಸು."